ಎಸೆಯಲೆಂದೇ ಅಚ್ಚಾದ ಕಾಗದ

ಮನ್ರೋವಿಲ್, ಪೆನ್ಸಿಲ್ವೇನಿಯಾ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಇಲ್ಲಿ ಕ್ಷೇಮ. ಅಲ್ಲಿ ನೀನು, ಭಾವ, ಮಕ್ಕಳು ಎಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಮ್ಮನ ಮಂಡಿ ನೋವು ಈಗ ಹೇಗಿದೆ? ಮೆಟ್ಟಿಲು ಹತ್ತಿ ಇಳಿದು ಮಾಡೋದು ಬೇಡ ಅಂತ ನಾನು ಹೇಳಿದೆ ಅಂತ ಹೇಳು.

ಮೊನ್ನೆ ವಿಡಿಯೋ ಕಾಲ್ ಮಾಡಿದಾಗ ನನ್ನ ಹಿಂದಿನ ಗೋಡೆ ನೋಡಿ ಅಮ್ಮ ಬೇಜಾರು ಮಾಡಿಕೊಂಡಳು. ದೇವರಿಗೆ ದೀಪ ಹಚ್ಚುವ ಮನೆಯಲ್ಲಿ ಆ ದೆವ್ವದ ತಲೆ ಯಾಕೆ ಅಂದಳು. ನೀನು ಹಳೇ ಕಾಗದಕ್ಕೆ ಇಷ್ಟು ದುಡ್ಡು ಯಾಕೆ ಅಂದೆ. ನೆಟ್‌ವರ್ಕ್ ಸರಿ ಇರಲಿಲ್ಲ, ಮಾತು ಅರ್ಧಕ್ಕೇ ನಿಂತಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಮ್ಮನಿಗೂ ಓದಿ ಹೇಳು.

ನೀವು ನೋಡಿದ ಆ ಬೋಳು ತಲೆ, ನೆಲದಂಚಿನಿಂದ ಸೂರ್ಯ ಮೂಡಿದ ಹಾಗೆ ಮೇಲೆದ್ದು ಬರ್ತಿದೆಯಲ್ಲ, ಅದು 'ಡಾನ್ ಆಫ್ ದ ಡೆಡ್' ಅನ್ನೋ ಸಿನಿಮಾದ ಪೋಸ್ಟರ್. ನಿರ್ದೇಶಕ ಜಾರ್ಜ್ ರೊಮೆರೊ. ಅಮೆರಿಕದಲ್ಲಿ 1979ರಲ್ಲಿ ಬಿಡುಗಡೆ ಆಯಿತು. ಸತ್ತವರು ಎದ್ದು ಓಡಾಡುವ ಕಥೆ. ಬದುಕಿ ಉಳಿದ ನಾಲ್ಕು ಜನ ಒಂದು ದೊಡ್ಡ ಮಾಲ್‌ನಲ್ಲಿ ಬಚ್ಚಿಟ್ಟುಕೊಳ್ಳುತ್ತಾರೆ. ಸತ್ತವರೂ ಅಲ್ಲಿಗೇ ಬರುತ್ತಾರೆ, ಬದುಕಿದ್ದಾಗ ಬಂದು ಬಂದು ಅಭ್ಯಾಸ ಆಗಿತ್ತಲ್ಲ, ಅದಕ್ಕೆ. ಆ ಮಾಲ್ ಯಾವುದು ಗೊತ್ತಾ? ಅಮ್ಮನನ್ನು ಕರೆದುಕೊಂಡು ಬಂದಿದ್ದೆಯಲ್ಲ, ಆಗ ಚಳಿ ತಡೆಯಲಾರದೆ ಇಬ್ಬರೂ ಸ್ವೆಟರ್ ತಗೊಂಡ ಮಾಲ್. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದಿಂದ ಬರುತ್ತಾ ಹೋಗಿದ್ದೆವಲ್ಲ, ಅದೇ.

ಅದು 1969ರಲ್ಲಿ ಶುರುವಾದ ಮಾಲ್. 1977ರ ಕೊನೆಯಿಂದ 1978ರ ಮೊದಲ ತಿಂಗಳುಗಳವರೆಗೆ ಅಲ್ಲಿ ಶೂಟಿಂಗ್ ನಡೆಯಿತು. ಹಗಲು ವ್ಯಾಪಾರ, ಅಂಗಡಿ ಮುಚ್ಚಿದ ಮೇಲೆ ರಾತ್ರಿಯೆಲ್ಲ ಶೂಟಿಂಗ್. ಕ್ರಿಸ್‌ಮಸ್ ಹೊತ್ತಿಗೆ ನಿಲ್ಲಿಸಿಬಿಟ್ಟರಂತೆ. ದಿನಾ ರಾತ್ರಿ ಅಷ್ಟೊಂದು ಅಲಂಕಾರ ತೆಗೆದು ಬೆಳಗ್ಗೆ ಮತ್ತೆ ಕಟ್ಟೋದು ಆಗದ ಮಾತು. ಹೆಣದ ವೇಷ ಹಾಕಿದವರು ಬಹುಪಾಲು ಇದೇ ಊರಿನ ಜನ. ವಿದ್ಯಾರ್ಥಿಗಳು, ಪಕ್ಕದ ಮನೆಯವರು, ಗೆಳೆಯರ ಗೆಳೆಯರು. ಮುಖಕ್ಕೆ ಬಣ್ಣ ಬಳಿದವರು ಟಾಮ್ ಸಾವಿನಿ, ಅವರೂ ಪಿಟ್ಸ್‌ಬರ್ಗ್‌ನವರೇ. ಬಳಿದದ್ದು ಬೂದು ಬಣ್ಣ, ಪರದೆ ಮೇಲೆ ಅದು ನೀಲಿಯಾಗಿ ಕಾಣುತ್ತೆ. ಈಗ ಮಾಲ್ ಒಳಗೆ ರೊಮೆರೊ ಅವರ ಅರ್ಧ ವಿಗ್ರಹ ಇಟ್ಟಿದ್ದಾರೆ. ಆದರೆ ಇಡೀ ಜಾಗವನ್ನು ವಾಲ್‌ಮಾರ್ಟ್ ಕೊಂಡಿದೆ, ಕೆಡವಿ ಬೇರೆ ಕಟ್ಟುವ ಮಾತು ನಡೆದಿದೆ. ನಾನು ಮಕ್ಕಳಿಗೆ ಶೂ ಕೊಡಿಸಿದ ಜಾಗ ಇನ್ನು ಇರುವುದು ಆ ಸಿನಿಮಾದಲ್ಲಿ, ಈ ಪೋಸ್ಟರಿನಲ್ಲಿ. ಅದನ್ನು ಗೋಡೆಗೆ ಹಾಕದೆ ಇರೋದು ಹೇಗೆ, ಹೇಳು?

ಅದರ ಕೆಳಗಿನ ಅಂಚಿನಲ್ಲಿ ಒಂದು ಸಹಿ ಇದೆ. ಫೋನಿನಲ್ಲಿ ನಿಮಗೆ ಕಂಡಿರಲ್ಲ. ಇಲ್ಲಿನ ಕನ್ವೆನ್ಷನ್ ಸೆಂಟರ್‌ನಲ್ಲಿ ಆಗಾಗ ಇಂಥ ಸಿನಿಮಾ ಅಭಿಮಾನಿಗಳ ದೊಡ್ಡ ಜಾತ್ರೆ ನಡೆಯುತ್ತೆ. ನಟರು ಸಾಲಾಗಿ ಮೇಜು ಹಾಕಿಕೊಂಡು ಕೂತಿರ್ತಾರೆ. ಸಹಿಗೆ ಇಷ್ಟು, ಜೊತೆಗೆ ಫೋಟೋಗೆ ಇಷ್ಟು ಅಂತ ಬೋರ್ಡ್ ಇರುತ್ತೆ. ನಾನು ಪೋಸ್ಟರ್ ಕೊಳವೆ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಹಿಂದೆ ನಿಂತಿದ್ದ ಒಬ್ಬ ಅಜ್ಜಿ, ಒಳಗೆ ಯಾವುದು ಅಂತ ಕೇಳಿದರು. ಹೇಳಿದೆ. 'ನಾನೂ ಅದರಲ್ಲಿದ್ದೆ' ಅಂದರು. ಕಾಲೇಜು ಓದುವಾಗ ಗೆಳತಿಯರ ಜೊತೆ ಹೋಗಿದ್ದರಂತೆ. ಎಸ್ಕಲೇಟರ್ ಹತ್ತುವ ಹೆಣಗಳ ಗುಂಪಿನಲ್ಲಿ ಅವರೂ ಒಬ್ಬರು. ಬೆಳಗಿನ ಜಾವ ಬಣ್ಣ ಒರೆಸಿಕೊಳ್ಳದೆ ಬಸ್ ಹತ್ತಿದ್ದನ್ನು ಹೇಳಿ ನಕ್ಕರು. ಸಹಿ ಹಾಕ್ತೀರಾ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಯಾರೂ ಇದುವರೆಗೆ ಕೇಳಿರಲಿಲ್ಲವಂತೆ. ಅಲ್ಲೇ ಖಾಲಿ ಮೇಜಿನ ಮೇಲೆ ಪೋಸ್ಟರ್ ಬಿಚ್ಚಿದೆವು. ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿಗೆ ಅವರ ಮೊಮ್ಮಗ ಕೈ ಇಟ್ಟ. ಅವರ ಕೈ ಸ್ವಲ್ಪ ನಡುಗುತ್ತಿತ್ತು. ಹೆಸರು ಬರೆದು, ಪಕ್ಕದಲ್ಲಿ 'ಎಸ್ಕಲೇಟರ್' ಅಂತಲೂ ಬರೆದರು. ಶಾಯಿ ಆರುವವರೆಗೂ ಊದುತ್ತಾ ಕೂತಿದ್ದರು.

ಮಾರುವವರನ್ನು ಕೇಳಿದರೆ ಇಂಥ ಸಹಿಗೆ ಬೆಲೆಯೇ ಇಲ್ಲ ಅಂತಾರೆ. ನಾಯಕ ನಟರದ್ದೋ ನಿರ್ದೇಶಕರದ್ದೋ ಆಗಬೇಕು. ನನ್ನ ಮಟ್ಟಿಗೆ ಇಡೀ ಸಂಗ್ರಹದಲ್ಲಿ ಇದಕ್ಕಿಂತ ದೊಡ್ಡ ಸಹಿ ಬೇರೆ ಇಲ್ಲ.

ಈಗ ದುಡ್ಡಿನ ಮಾತು. ನಾನು ಕೊಟ್ಟದ್ದು ಒಂದು ಸಾಧಾರಣ ಫೋನಿನ ಬೆಲೆಗಿಂತ ಕಡಿಮೆ. ಆದರೆ ಈ ಲೋಕದಲ್ಲಿ ತಲೆ ತಿರುಗುವ ಬೆಲೆಗಳೂ ಇವೆ. 1931ರ 'ಡ್ರಾಕುಲಾ' ಪೋಸ್ಟರ್ ಒಂದು 2017ರಲ್ಲಿ ಡಲ್ಲಾಸ್‌ನ ಹರಾಜಿನಲ್ಲಿ 5,25,800 ಡಾಲರಿಗೆ ಹೋಯಿತು. 1932ರ 'ದ ಮಮ್ಮಿ' ಪೋಸ್ಟರ್ 1997ರಲ್ಲೇ ನಾಲ್ಕೂವರೆ ಲಕ್ಷ ಡಾಲರ್ ದಾಟಿತ್ತು. ಬರೀ ಕಾಗದ, ಅದೂ ಗೋಡೆಗೆ ಅಂಟಿಸಲು ಮಾಡಿದ್ದು!

ಯಾಕೆ ಇಷ್ಟು ಬೆಲೆ ಅಂದರೆ, ಉಳಿದಿರೋದೇ ಕೈಬೆರಳೆಣಿಕೆ. ಪೋಸ್ಟರ್ ಆಗ ಯಾರೂ ಇಟ್ಟುಕೊಳ್ಳುವ ವಸ್ತು ಆಗಿರಲಿಲ್ಲ. ಸಿನಿಮಾ ಜೊತೆ ಬರಬೇಕು, ಒಂದು ವಾರ ಥಿಯೇಟರ್ ಮುಂದೆ ನಿಲ್ಲಬೇಕು, ಮುಂದಿನ ಊರಿಗೆ ಹೋಗಬೇಕು. ಹರಿದರೆ ಕಸದ ಬುಟ್ಟಿಗೆ. 1940ರಿಂದ ಸುಮಾರು ನಾಲ್ಕು ದಶಕ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಅನ್ನೋ ಕಂಪನಿ ಇಲ್ಲಿನ ಥಿಯೇಟರುಗಳಿಗೆಲ್ಲ ಪೋಸ್ಟರ್ ಬಾಡಿಗೆಗೆ ಕೊಡುತ್ತಿತ್ತು, ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕಿತ್ತು. ಎರಡನೇ ಮಹಾಯುದ್ಧದಲ್ಲಿ ಹಳೇ ಕಾಗದ ಕೂಡಿಸುವ ಅಭಿಯಾನ ನಡೆಯಿತು. ಅದರಲ್ಲೂ ಬೇಕಾದಷ್ಟು ಹೋಯಿತು.

ಉಳಿದದ್ದು ಎಲ್ಲಿ ಸಿಕ್ಕಿತು ಗೊತ್ತಾ? ಅಟ್ಟದಲ್ಲಿ, ಗೋಡೆಯೊಳಗೆ, ಚಾಪೆ ಅಡಿಯಲ್ಲಿ. ನಮ್ಮ ಇದೇ ಪೆನ್ಸಿಲ್ವೇನಿಯಾದ ಬರ್ವಿಕ್ ಅನ್ನೋ ಸಣ್ಣ ಊರಿನಲ್ಲಿ ಒಂದು ಮನೆಯ ಅಟ್ಟದಲ್ಲಿ ಪೋಸ್ಟರುಗಳ ಒಂದು ದಪ್ಪ ಕಟ್ಟು ಸಿಕ್ಕಿತು. ಗೋಡೆ ಕಾಗದ ಅಂಟಿಸುವ ಗೋಂದಿನಿಂದ ಎಲ್ಲ ಒಂದಕ್ಕೊಂದು ಕಚ್ಚಿಕೊಂಡು ಹಲಗೆಯಂತಾಗಿತ್ತು. ಹಬೆ ಹಾಯಿಸಿ ಒಂದೊಂದಾಗಿ ಬಿಡಿಸಿದರು. 33 ಪೋಸ್ಟರ್, ಎಲ್ಲಾ 1930ರ ಆಸುಪಾಸಿನವು. 2012ರ ಹರಾಜಿನಲ್ಲಿ ಎಲ್ಲ ಸೇರಿ ಐದು ಲಕ್ಷ ಡಾಲರ್ ದಾಟಿತು. ಅದರಲ್ಲಿದ್ದ 'ಡ್ರಾಕುಲಾ' ಒಂದಕ್ಕೇ 1,43,400.

ಇಷ್ಟು ಬೆಲೆ ಇರುವ ಕಡೆ ಮೋಸವೂ ಇರುತ್ತೆ, ಸಹಿ ಇದ್ದರಂತೂ ಇನ್ನೂ ಜಾಸ್ತಿ. ರೊಮೆರೊ 2017ರಲ್ಲಿ ತೀರಿಕೊಂಡರು. ಇನ್ನು ಅವರ ಹೊಸ ಸಹಿ ಹುಟ್ಟುವುದಿಲ್ಲ, ನಕಲಿ ಮಾತ್ರ ಹುಟ್ಟುತ್ತಲೇ ಇರುತ್ತೆ. ನಾನು ಕಲಿತ ಕೆಲವು ಗುಟ್ಟು ಹೇಳ್ತೀನಿ, ನಿನಗೆ ಇಷ್ಟ ಆಗುತ್ತೆ. ಡ್ರಾಕುಲಾ ಪಾತ್ರ ಮಾಡಿದ ಬೆಲಾ ಲುಗೋಸಿ ತೀರಿಕೊಂಡದ್ದು 1956ರಲ್ಲಿ. ಇಲ್ಲಿ ಎಲ್ಲರೂ ಸಹಿಗೆ ಬಳಸುವ ಶಾರ್ಪಿ ಪೆನ್ನು ಮಾರುಕಟ್ಟೆಗೆ ಬಂದದ್ದು 1964ರಲ್ಲಿ. ಹಾಗಾಗಿ ಶಾರ್ಪಿಯಲ್ಲಿ ಹಾಕಿದ ಲುಗೋಸಿ ಸಹಿ ಕಂಡರೆ ಬೆಲೆ ಕೇಳದೆ ವಾಪಸ್ ಬರಬಹುದು. ಕಾಗದಕ್ಕೂ ಒಂದು ಪರೀಕ್ಷೆ ಇದೆ. ಕತ್ತಲೆ ಕೋಣೆಯಲ್ಲಿ ನೇರಳೆ ದೀಪ ಹಿಡಿಯಬೇಕು, ಬ್ಯಾಂಕಿನಲ್ಲಿ ನೋಟು ನೋಡ್ತಾರಲ್ಲ, ಆ ದೀಪ. ಈಗಿನ ಕಾಗದಕ್ಕೆ ಬೆಳ್ಳಗೆ ಕಾಣಲೆಂದು ರಾಸಾಯನಿಕ ಸೇರಿಸ್ತಾರೆ, ಅದು ನೀಲಿಯಾಗಿ ಹೊಳೆಯುತ್ತೆ. 1950ಕ್ಕೆ ಮೊದಲಿನ ಕಾಗದ ಹಾಗೆ ಹೊಳೆಯುವುದಿಲ್ಲ. 1931ರದ್ದು ಅಂತ ಹೇಳಿ ಮಾರುವ ಪೋಸ್ಟರ್ ಫಳಫಳ ಅಂದರೆ ಅದು ನಿನ್ನೆ ಮೊನ್ನೆಯದ್ದು.

ಇನ್ನೊಂದು, ಮಡಿಕೆ. 1980ರ ದಶಕದ ಶುರುವಿನವರೆಗೆ ಇಲ್ಲಿ ಪೋಸ್ಟರುಗಳನ್ನು ಮಡಚಿಯೇ ಕಳಿಸುತ್ತಿದ್ದರು, ಸುತ್ತಿ ಕಳಿಸುವ ಪದ್ಧತಿ ಆಮೇಲೆ ಬಂತು. ಅದಕ್ಕೇ ನನ್ನದರ ಮೇಲೆ ಗೆರೆ ಗೆರೆ ಕಾಣೋದು. ನೀನು 'ಮಡಚಿ ಹಾಳು ಮಾಡಿದ್ದಾರೆ' ಅಂದೆಯಲ್ಲ, ಆ ಗೆರೆ ಇದ್ದರೇ ನನಗೆ ಸಮಾಧಾನ. ಅಳತೆಯೂ ಹಾಗೇ. ಹಳೆಯವು 27 ಅಂಗುಲ ಅಗಲ, 41 ಅಂಗುಲ ಉದ್ದ. ಆಮೇಲೆ ಬಂದವು ಒಂದು ಅಂಗುಲ ಗಿಡ್ಡ. ಟೇಪ್ ಹಿಡಿದು ಅಳೆದರೆ ಎಷ್ಟೋ ಸಲ ಅಲ್ಲೇ ಸುಳ್ಳು ಗೊತ್ತಾಗಿಬಿಡುತ್ತೆ.

ಅಕ್ಕ, ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 'ಮನೆಗೆ ಬಣ್ಣ ಬಳಿಸಲು ಅಟ್ಟ ಖಾಲಿ ಮಾಡಿಸ್ತಿದ್ದೇವೆ, ದೊಡ್ಡಪ್ಪನ ಟ್ರಂಕು ಕೆಳಗೆ ಇಳಿಸಿದ್ದೇವೆ, ತುಂಬಾ ಹಳೇ ಸಿನಿಮಾ ಕಾಗದ' ಅಂತ ಭಾವ ಮೆಸೇಜ್ ಮಾಡಿದ್ದರು. ರದ್ದಿಯವನು ಭಾನುವಾರ ಬರ್ತಾನೆ ಅಂತಲೂ ಇತ್ತು. ಅದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ದಯವಿಟ್ಟು ಕೊಡಬೇಡಿ. ತೂಕಕ್ಕೆ ಎಷ್ಟು ಬರುತ್ತೋ ಅದರ ಹತ್ತರಷ್ಟು ನಾನೇ ಕಳಿಸ್ತೀನಿ.

ದೊಡ್ಡಪ್ಪ ಟೆಂಟ್ ಸಿನಿಮಾದಲ್ಲಿ ಆಪರೇಟರ್ ಆಗಿದ್ದದ್ದು ನಿನಗೆ ನನಗಿಂತ ಚೆನ್ನಾಗಿ ನೆನಪಿರಬೇಕು. ಹಗಲು ಹೊತ್ತು ಸೈಕಲ್ ಮೇಲೆ ಮೈದಾ ಅಂಟಿನ ಬಕೆಟ್ ನೇತುಹಾಕಿಕೊಂಡು ಪೋಸ್ಟರ್ ಹಚ್ಚಲೂ ಅವರೇ ಹೋಗ್ತಿದ್ದರಲ್ಲ. ಅಂಟಿನ ರುಚಿಗೆ ಹಸು ಬಂದು ಪೋಸ್ಟರ್ ಕಿತ್ತು ತಿನ್ನುತ್ತೆ ಅಂತ ಮೈಲುತುತ್ತ ಕಲಸುತ್ತಿದ್ದರು. ಪ್ರತಿ ಸಿನಿಮಾದ್ದೂ ಒಂದು ಪೋಸ್ಟರ್, ಒಂದು ಹಾಡಿನ ಪುಸ್ತಕ ಹಚ್ಚದೆ ಹಂಚದೆ ತೆಗೆದಿಡುತ್ತಿದ್ದರು. ಯಾಕೆ ಅಂತ ಯಾರೂ ಕೇಳಲಿಲ್ಲ. ಅವರಿಗೆ ಅದರ ಮೇಲೆ ಪ್ರೀತಿ ಇತ್ತು, ಅಷ್ಟೇ. ಇಲ್ಲಿ ನಾನು ನೋಡಿದ ದೊಡ್ಡ ದೊಡ್ಡ ಸಂಗ್ರಹಗಳೆಲ್ಲ ಇಂಥ ಒಬ್ಬ ಆಪರೇಟರ್, ಇಂಥ ಒಬ್ಬ ಗೇಟ್ ಕೀಪರ್ ಎಸೆಯದೆ ಇಟ್ಟದ್ದರಿಂದಲೇ ಶುರುವಾಗಿವೆ.

ಟ್ರಂಕಿನಲ್ಲಿ 'ನಾ ನಿನ್ನ ಬಿಡಲಾರೆ' ಪೋಸ್ಟರ್ ಇದೆಯಾ ನೋಡು. 1979ರ ದೆವ್ವದ ಸಿನಿಮಾ, ಅನಂತ್ ನಾಗ್, ಲಕ್ಷ್ಮಿ. ನನ್ನ ಗೋಡೆ ಮೇಲಿರೋದೂ 1979ರದ್ದೇ. ಇಲ್ಲಿ ಪರದೆ ಮೇಲೆ ಮಾಲ್‌ಗೆ ಹೆಣಗಳು ನುಗ್ಗುತ್ತಿದ್ದ ವರ್ಷವೇ ನಮ್ಮ ಟೆಂಟುಗಳಲ್ಲಿ ಜನ ಆ ದೆವ್ವ ನೋಡಿ ಹೆದರಿ, ಕೊನೆಗೆ ರಾಯರ ಮಂತ್ರಾಲಯ ಬಂದಾಗ ಕೈ ಮುಗಿದರು. ಅಮ್ಮನೂ ಮುಗಿದಿದ್ದಳಂತೆ, ಕೇಳು. ಎರಡನ್ನೂ ಪಕ್ಕ ಪಕ್ಕ ಇಡಬೇಕು ಅಂತ ನನಗೆ ತುಂಬಾ ಆಸೆ.

ಈಗ ಮಾಡಬೇಕಾದ್ದು ಹೇಳ್ತೀನಿ, ಭಾವನಿಗೂ ತೋರಿಸು. ಟ್ರಂಕನ್ನು ನೆಲದ ಮೇಲೆ ಇಡಬೇಡಿ, ಮಣೆ ಹಾಕಿ ಅದರ ಮೇಲಿಡಿ, ಗೆದ್ದಲು ಹತ್ತುತ್ತೆ. ಬಿಸಿಲಿಗೆ ಹಾಕಬೇಡಿ, ಬಣ್ಣ ಹಾರಿಹೋಗುತ್ತೆ, ಮತ್ತೆ ಬರುವುದಿಲ್ಲ. ಹರಿದ ಕಡೆ ಸೆಲೋ ಟೇಪ್ ಅಂಟಿಸಬೇಡಿ, ಕೆಲವೇ ವರ್ಷಕ್ಕೆ ಹಳದಿ ಕಲೆ ಕೂತುಬಿಡುತ್ತೆ. ಮಡಿಕೆ ಹೋಗಲಿ ಅಂತ ಇಸ್ತ್ರಿ ಪೆಟ್ಟಿಗೆ ಮುಟ್ಟಿಸಲೇಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಮಾಡಿಸಿದರೆ ಬಿಡಿಸಲು ಆಗೋದೇ ಇಲ್ಲ. ಒಂದಕ್ಕೊಂದು ಅಂಟಿಕೊಂಡಿದ್ದರೆ ಎಳೆಯಬೇಡಿ, ಹಾಗೇ ಬಿಡಿ. ಬಿಡಿಸುವವರು ಇದ್ದಾರೆ. ಹರಿದ ಪೋಸ್ಟರನ್ನು ಇಲ್ಲಿ ತೆಳ್ಳನೆ ಜಪಾನಿ ಕಾಗದದ ಮೇಲೆ, ಆಮೇಲೆ ಹತ್ತಿ ಬಟ್ಟೆಯ ಮೇಲೆ ಕೂರಿಸ್ತಾರೆ. ಅದಕ್ಕೆ ಬಳಸುವುದು ಗೋಧಿ ಗಂಜಿ, ಹಿಟ್ಟಿನ ಜಿಗುಟನ್ನೆಲ್ಲ ತೊಳೆದು ತೆಗೆದದ್ದು. ಬೇಕೆಂದಾಗ ನೀರು ಮುಟ್ಟಿಸಿ ಬಿಡಿಸಬಹುದು. ದೊಡ್ಡಪ್ಪನ ಮೈದಾ ಅಂಟಿನಲ್ಲಿ ಆ ಜಿಗುಟು ಉಳಿಯುತ್ತಿತ್ತು, ಅದಕ್ಕೇ ಹುಳ ಬರುತ್ತಿತ್ತು.

ಈಗ ಸುಮ್ನೆ ಹಳೇ ಬಿಳಿ ಪಂಚೆಯಲ್ಲಿ ಸುತ್ತಿ ಇಡಿ. ನುಸಿ ಗುಳಿಗೆ ಕಾಗದಕ್ಕೆ ತಾಗದಂತೆ ಮೂಲೆಯಲ್ಲಿ ಹಾಕಿ. ಕೈ ಒಣಗಿರಲಿ, ಎಣ್ಣೆ ಇರಬಾರದು. ಒಂದೊಂದನ್ನೂ ಬಿಚ್ಚಿ ಫೋಟೋ ತೆಗೆದು ಕಳಿಸಲು ಪುಟ್ಟಿಗೆ ಹೇಳು, ರಜೆ ತಾನೇ ಅವಳಿಗೆ. ಕೆಳಗೆ ಚಿಕ್ಕ ಅಕ್ಷರದಲ್ಲಿ ಅಚ್ಚು ಹಾಕಿದ ಪ್ರೆಸ್ಸಿನ ಹೆಸರು, ಚಿತ್ರ ಬರೆದವರ ಹೆಸರು ಇದ್ದರೆ ಅದನ್ನು ಹತ್ತಿರದಿಂದ ತೆಗೆಯಲಿ. ಮುಂದೆ ಯಾವುದಾದರೂ ಎರಡೆರಡು ಪ್ರತಿ ಇದ್ದರೆ ಒಂದನ್ನು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಕೊಡೋಣ. ಅಲ್ಲಿ ಪೋಸ್ಟರ್, ಹಾಡಿನ ಪುಸ್ತಕ ಎಲ್ಲ ಜೋಪಾನವಾಗಿ ಇಡುತ್ತಾರೆ. ದೊಡ್ಡಮ್ಮನ ಒಪ್ಪಿಗೆ ಮಾತ್ರ ಮೊದಲು ಬೇಕು, ಅದು ಅವರದ್ದು. ಅವರನ್ನು ಕೂರಿಸಿಕೊಂಡು ಯಾವ ಪೋಸ್ಟರ್ ಯಾವ ಊರಿನಲ್ಲಿ ಹಚ್ಚಿದ್ದು ಅಂತ ಕೇಳಿ ಬರೆದಿಟ್ಟರೆ ಇನ್ನೂ ಒಳ್ಳೆಯದು.

ಡಿಸೆಂಬರಿನಲ್ಲಿ ಬರ್ತೀನಿ. ಅಷ್ಟರವರೆಗೆ ಟ್ರಂಕಿನ ಬೀಗದ ಕೈ ನಿನ್ನ ಹತ್ತಿರವೇ ಇರಲಿ, ರದ್ದಿಯವನಿಗೆ ಭಾನುವಾರ ಬರೀ ಪೇಪರ್ ಕಟ್ಟು ಕೊಟ್ಟು ಕಳಿಸು. ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಫೋಟೋ ಬೇಗ ಕಳಿಸು.

ಇಂತಿ ನಿನ್ನ ಪ್ರೀತಿಯ ತಮ್ಮ