ಹಸುವಿನ ನೋವಿನ ಇಂಜೆಕ್ಷನ್ ಬಗ್ಗೆ, ಎಲ್ಲರೂ ಒಮ್ಮೆ ಓದಿ

ನಮಸ್ಕಾರ. ಮೊನ್ನೆ ಗುಂಪಿನಲ್ಲಿ ಒಬ್ಬರು ಕೆಚ್ಚಲು ಬಾವಿಗೆ ಮೆಡಿಕಲ್ ಸ್ಟೋರಿನ ಡೈಕ್ಲೋಫೆನಾಕ್ ಅನ್ನೋ ನೋವಿನ ಇಂಜೆಕ್ಷನ್ ಹಾಕಬಹುದಾ ಅಂತ ಕೇಳಿದ್ದರು. ಬೇಡ. ದನಕರುಗಳಿಗೆ ಅದು 2006ರಿಂದಲೇ ನಿಷೇಧ. ಮನುಷ್ಯರಿಗೆ ಬರುವ ದೊಡ್ಡ ಬಾಟಲಿ ತಂದು ಹಸುವಿಗೆ ಚುಚ್ಚುತ್ತಿದ್ದರು ಅಂತಲೇ 2015ರಲ್ಲಿ ಆ ಬಾಟಲಿಯನ್ನೂ 3 ಮಿ.ಲೀ.ಗೆ ಇಳಿಸಿದರು.

ಹಸುವಿಗೆ ಬಾವು ಇಳಿಯುತ್ತದೆ, ನಿಜ. ಸಾಯುವುದು ರಣಹದ್ದು. ಔಷಧಿ ಮೈಯಲ್ಲಿ ಇರುವಾಗಲೇ ಹಸು ಸತ್ತು, ಆ ಹೆಣವನ್ನು ಹದ್ದು ತಿಂದರೆ ಅದರ ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದ ಹಾಗೆ ಕೂರುತ್ತದೆ, ಕೆಲವೇ ದಿನದಲ್ಲಿ ಕಥೆ ಮುಗಿಯಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಈಗ ಬೆರಳೆಣಿಕೆಯಷ್ಟು ರಣಹದ್ದು ಮಾತ್ರ ಇವೆ.

ಅಸಿಕ್ಲೋಫೆನಾಕ್ ಅನ್ನೋ ಇನ್ನೊಂದು ನೋವಿನ ಔಷಧಿ ಕೊಡ್ತೀವಿ ಅನ್ನಬೇಡಿ, ಅದು ಹಸುವಿನ ಮೈಯಲ್ಲಿ ಡೈಕ್ಲೋಫೆನಾಕೇ ಆಗುತ್ತದೆ. 2023ರಲ್ಲಿ ಅದನ್ನೂ ಕೀಟೊಪ್ರೊಫೆನ್ ಅನ್ನೋ ಮತ್ತೊಂದು ನೋವಿನ ಔಷಧಿಯನ್ನೂ ದನಕರುಗಳಿಗೆ ನಿಷೇಧಿಸಿದರು.

ಡಾಕ್ಟರ ಹತ್ತಿರ ಮೆಲಾಕ್ಸಿಕ್ಯಾಮ್ ಕೇಳಿ. ಹದ್ದಿಗೂ ತೊಂದರೆ ಇಲ್ಲ, ಕೆಲಸವೂ ಚೆನ್ನಾಗಿ ಮಾಡುತ್ತದೆ. ಆದರೆ ಇದು ನೋವು, ಜ್ವರ, ಊತ ಇಳಿಸುತ್ತದೆ ಅಷ್ಟೇ, ಕೆಚ್ಚಲೊಳಗಿನ ರೋಗಾಣುವನ್ನು ಸಾಯಿಸಲ್ಲ. ಅದಕ್ಕೆ ಬೇರೆ ಔಷಧಿ ಬೇಕು. ಸುಮ್ನೆ ಜೊತೆಗೆ ಡೆಕ್ಸಾನೂ (ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್) ಇರಲಿ ಅಂತ ಹಾಕಿಸಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಬಹುದು, ತುಂಬು ಗಬ್ಬದ ಹಸುವಾದರೆ ಗಬ್ಬವೇ ಹೋಗಬಹುದು.

ಹಾಕಿಸಿದ ಮೇಲೆ ಹಾಲು ಎಷ್ಟು ದಿನ ಡೈರಿಗೆ ಹಾಕಬಾರದು ಅಂತಲೂ ಅವರನ್ನೇ ಕೇಳಿಕೊಳ್ಳಿ.