ರಾಣೆಯವರ ಹಗ್ಗದ ಸಂಕೇತ ಮಕ್ಕಳಿಗೆ ತಿಳಿಯಲಿ

ಮಾನ್ಯರೇ,

ಕಾರವಾರ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ನೋಡಲು ಬಂದವರು ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಚೆಂಡಿಯಾದಲ್ಲಿ ಹುಟ್ಟಿದ ಈ ಯೋಧ ಪರಮವೀರ ಚಕ್ರ ಪಡೆದದ್ದು ಯಾವ ಕೆಲಸಕ್ಕೆ ಎಂಬುದನ್ನು ಬಿಡಿಸಿ ಹೇಳಬೇಕು.

1948ರ ಏಪ್ರಿಲ್ 8ರಿಂದ 11ರವರೆಗೆ ಜಮ್ಮು-ಕಾಶ್ಮೀರದ ನೌಶೇರಾ–ರಜೌರಿ ರಸ್ತೆಯಲ್ಲಿ ಟ್ಯಾಂಕುಗಳಿಗೆ ದಾರಿ ಬಿಡಿಸುವ ಹೊಣೆ ಸೇನೆಯ ಎಂಜಿನಿಯರ್ ಪಡೆಯಾದ ಬಾಂಬೆ ಸ್ಯಾಪರ್ಸ್‌ನ ಅವರ ತಂಡದ್ದು. ಮೊದಲ ದಿನವೇ ಮಾರ್ಟರ್ ದಾಳಿಗೆ ಇಬ್ಬರು ಬಲಿಯಾದರು, ರಾಣೆಯವರೂ ಸೇರಿ ಐವರು ಗಾಯಗೊಂಡರು. ಗುಂಡಿನ ಮಳೆಯಲ್ಲಿ ನೆಲಬಾಂಬ್ ಹುಡುಕಲು ಅವರು ಟ್ಯಾಂಕಿನ ಅಡಿಯಲ್ಲೇ ತೆವಳಿದರು. ಒಳಗಿನ ಚಾಲಕನಿಗೆ ಅಡಿಯಲ್ಲಿರುವವರು ಕಾಣುವುದಿಲ್ಲ, ಎಂಜಿನ್ ಅಬ್ಬರದಲ್ಲಿ ಕೂಗಿದರೂ ಕೇಳಿಸದು. ಅದಕ್ಕೇ ಎರಡು ಹಗ್ಗ: ಒಂದನ್ನು ಜಗ್ಗಿದರೆ ನಿಲ್ಲಬೇಕು, ಇನ್ನೊಂದಕ್ಕೆ ಹೊರಡಬೇಕು. ಸಂಕೇತ ಒಂದು ಕ್ಷಣ ತಪ್ಪಿದರೂ ಚೈನಿನಡಿ ಜೀವ ಹೋಗುತ್ತಿತ್ತು. ರಸ್ತೆಗೆ ಅಡ್ಡ ಕೆಡವಿದ್ದ ಐದು ದೊಡ್ಡ ಪೈನ್ ಮರಗಳನ್ನು ಸಿಡಿಸಿ ಸರಿಸಿದ್ದೂ ಇವರೇ.

ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು ಅವರು. 1968ರಲ್ಲಿ ನಿವೃತ್ತರಾಗಿ, ನಾಲ್ವರು ಮಕ್ಕಳ ತಂದೆಯಾಗಿ ಬಾಳಿ, 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು.

ಜೂನ್ 26 ಅವರ ಜನ್ಮದಿನ. ಅಂದು ತಾಲ್ಲೂಕಿನ ಶಾಲೆಗಳಲ್ಲಿ ಹಾರ ಹಾಕುವುದರ ಜೊತೆಗೆ ಬೋರ್ಡಿನ ಮೇಲೆ ಟ್ಯಾಂಕಿನ ಚಿತ್ರ ಬರೆದು ಈ ಹಗ್ಗದ ಕ್ರಮವನ್ನು ಮಕ್ಕಳಿಗೆ ವಿವರಿಸಿ.

– ಮಾಜಿ ಸೈನಿಕರು, ಕಾರವಾರ