ಮಗಳಿಗೊಂದು ಪತ್ರ: ಓದು ನಿನ್ನದು, ಕಾಗದಪತ್ರ ನನ್ನದು

ಪ್ರೀತಿಯ ಪುಟ್ಟಿ,

ಮೆಡಿಕಲ್ ಸೀಟಿಗೆ ಏನೇನು ಬೇಕು ಅಂತ ಕೇಳಿದ್ದೆಯಲ್ಲ, ಹಾಸ್ಟೆಲ್ ಫೋನಿನಲ್ಲಿ ಅಷ್ಟೆಲ್ಲ ಹೇಳೋಕೆ ಆಗಲ್ಲ. ಅಂಕದ ವಿಷಯ ನಿಮ್ಮ ಲೆಕ್ಚರರ್‌ಗಳು ದಿನಾ ಹೇಳುತ್ತಾರೆ. ಕಾಗದಪತ್ರದ ಸುದ್ದಿ ಯಾರೂ ಎತ್ತುವುದಿಲ್ಲ. ಓಡಾಟ ನನಗಿರಲಿ. ಯಾವ ಕಾಗದ ಯಾತಕ್ಕೆ ಅಂತ ಮಾತ್ರ ನಿನಗೂ ಗೊತ್ತಿರಬೇಕು.

ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ನಿನಗೆ ಆ ಚಿಂತೆ ಇಲ್ಲ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಶೇ. 50 ಬೇಕು, ಮೀಸಲಾತಿ ಇರುವವರಿಗೆ ಶೇ. 40. ಸೀಟು ಸಿಗುವುದು ನೀಟ್ ಅನ್ನೋ ಪ್ರವೇಶ ಪರೀಕ್ಷೆಯ ರ‍್ಯಾಂಕಿನಿಂದಲೇ. ಹಾಗಂತ ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ನೋಡಬೇಡ. ನೀಟ್ ಚೆನ್ನಾಗಿ ಬರೆದೂ ಇಲ್ಲಿ ಶೇಕಡಾವಾರು ಕಡಿಮೆ ಬಿದ್ದರೆ ಏನೂ ಮಾಡೋಕಾಗಲ್ಲ.

ನೀಟ್ ಬರೆದರೆ ಮುಗಿಯಿತು ಅಂತ ನಿಮ್ಮಪ್ಪ ಅಂದುಕೊಂಡಿದ್ದಾರೆ. ಮುಗಿಯಲ್ಲ. ರಾಜ್ಯದ ಸೀಟಿಗೆ ಕೆಇಎಗೆ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ, ಬೇರೆ ಅರ್ಜಿ ಹಾಕಬೇಕು. ಸರ್ಕಾರಿ ಕಾಲೇಜುಗಳ ಶೇ. 15 ಸೀಟು ದೆಹಲಿಯ ಎಂಸಿಸಿ (ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ) ಮೂಲಕ ಇಡೀ ದೇಶದವರಿಗೆ ಹೋಗುತ್ತದೆ, ಉಳಿದ ಶೇ. 85 ನಮ್ಮ ರಾಜ್ಯಕ್ಕೆ. ನಮ್ಮ ಕಣ್ಣು ಆ ಶೇ. 85ರ ಮೇಲೆ.

ಯಾಕೆ ಅಂದರೆ, ನೀನು ಒಂದರಿಂದ ಹತ್ತರವರೆಗೆ ಓದಿದ್ದು ಹಳ್ಳಿ ಶಾಲೆಯಲ್ಲಿ, ಅದೂ ಕನ್ನಡ ಮೀಡಿಯಂ. ಹಾಸ್ಟೆಲಲ್ಲಿ ಅದನ್ನು ಹೇಳಿಕೊಳ್ಳೋಕೆ ನಿನಗೆ ಸಂಕೋಚ ಅಂತ ನನಗೆ ಗೊತ್ತು. ಸೀಟು ಹಂಚುವ ಕೌನ್ಸೆಲಿಂಗ್‌ನಲ್ಲಿ ಅದಕ್ಕೇ ಬೆಲೆ. ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5. ಅರ್ಜಿ ತುಂಬುವಾಗಲೇ ಎರಡನ್ನೂ ಕೇಳಬೇಕು, ಮರೆತು ಆಮೇಲೆ ಗೋಗರೆದರೆ ನಡೆಯಲ್ಲ. ಕರ್ನಾಟಕದಲ್ಲಿ ಏಳು ವರ್ಷ ಓದಿದ್ದಕ್ಕೂ ವ್ಯಾಸಂಗ ಪ್ರಮಾಣಪತ್ರ ಬೇಕು. ಮೂರಕ್ಕೂ ಹೆಡ್ ಮಾಸ್ಟರ್ ಸಹಿ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ. ಮೇಷ್ಟ್ರ ಹತ್ತಿರ ಆಗಲೇ ಮಾತಾಡಿದ್ದೇನೆ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಗುರುತಿಗೆ ಹಾಕಿರುವ ಆರ್‌ಡಿ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕಳಿಸುತ್ತೇನೆ, ಜೋಪಾನ.

ಇನ್ನೊಂದು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ನಿನ್ನ ಇನಿಷಿಯಲ್ ಮಾತ್ರ ಇದೆ, ಆಧಾರ್‌ನಲ್ಲಿ ಅದನ್ನೇ ಬಿಡಿಸಿ ಉದ್ದ ಬರೆದಿದ್ದಾರೆ. ಎಸ್‌ಎಸ್‌ಎಲ್‌ಸಿಯಲ್ಲಿ ಇರುವ ಹಾಗೆ ಆಧಾರ್ ತಿದ್ದಿಸೋಣ. ದಸರಾ ರಜೆಗೆ ಬಂದಾಗ ಮೊದಲ ಕೆಲಸ ಇದೇ.

ಪ್ರಶ್ನೆಪತ್ರಿಕೆ ಕನ್ನಡದಲ್ಲಿ ತಗೊಳ್ಳಲಾ, ಇಂಗ್ಲಿಷಲ್ಲಾ ಅಂತ ಕೇಳಿದ್ದೆ. ಕನ್ನಡ ಆರಿಸಿದರೆ ಎರಡೂ ಭಾಷೆಯಲ್ಲಿ ಪ್ರಶ್ನೆ ಇರುತ್ತದೆ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷಿನದೇ ಅಂತಿಮ. ಆದರೆ 180 ನಿಮಿಷಕ್ಕೆ 180 ಪ್ರಶ್ನೆ, ಎರಡೆರಡು ಸಲ ಓದುತ್ತಾ ಕೂತರೆ ಹೊತ್ತು ಸಾಲದು. ಪಿಯುಸಿಯನ್ನು ಇಂಗ್ಲಿಷಲ್ಲೇ ಓದುತ್ತಿದ್ದೀಯ, ಹಾಗಾಗಿ ನನ್ನ ಮನಸ್ಸು ಇಂಗ್ಲಿಷ್ ಕಡೆಗಿದೆ. ತೀರ್ಮಾನ ನಿನ್ನದು. ಅರ್ಜಿ ಹಾಕುವ ಮೊದಲೇ ಯೋಚಿಸಿಕೋ. ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಹೋಗುತ್ತದೆ. ಗೊತ್ತಿಲ್ಲದ್ದಕ್ಕೆ ಸುಮ್ನೆ ಗುರುತು ಹಾಕಬೇಡ.

ಯಾವ ಕಾಲೇಜು ಬೇಕು ಅಂತ ಸಾಲಾಗಿ ತುಂಬುವ ಆಪ್ಷನ್ ಎಂಟ್ರಿ ಬಂದಾಗ ಮೂವರೂ ಕೂತು ಮಾಡೋಣ. ಗೆಳತಿಯರ ಪಟ್ಟಿ ನೋಡಿ ತುಂಬಬೇಡ. ಫೀಸು ಕಟ್ಟೋಕಾಗದ ಸೀಟನ್ನು ಪಟ್ಟಿಗೆ ಸೇರಿಸಲೇಬಾರದು, ಅದೇ ಬಂದುಬಿಟ್ಟರೆ ಕಷ್ಟ. ಮೈಸೂರು, ಹಾಸನ, ಮಂಡ್ಯ ಅಂತ ಸರ್ಕಾರಿ ಕಾಲೇಜುಗಳನ್ನು ಮೊದಲು ಹಾಕೋಣ. ಸೀಟು ಕೊಡಿಸ್ತೀವಿ ಅಂತ ಈಗಲೇ ಫೋನ್ ಬರೋಕೆ ಶುರುವಾಗಿದೆ. ಮ್ಯಾನೇಜ್‌ಮೆಂಟ್ ಸೀಟೂ ನೀಟ್ ಮತ್ತು ಕೌನ್ಸೆಲಿಂಗ್‌ನಿಂದಲೇ ತಾನೆ, ನೀವು ಯಾವ ಬಾಗಿಲಿಂದ ಕೊಡಿಸ್ತೀರಿ ಅಂತ ಕೇಳಿದೆ. ಆ ಮನುಷ್ಯ ಫೋನ್ ಇಟ್ಟ!

ಎಂಬಿಬಿಎಸ್ ಸಿಗದಿದ್ದರೆ ಏನು ಅಂತ ಅಪ್ಪ ರಾತ್ರಿ ಒಬ್ಬರೇ ಲೆಕ್ಕ ಹಾಕುತ್ತಿರುತ್ತಾರೆ. ಆಯುರ್ವೇದಕ್ಕೂ ಇದೇ ನೀಟ್. ನರ್ಸಿಂಗ್ ಇದೆ. ಆ ಮಾತು ಫಲಿತಾಂಶ ಬಂದ ಮೇಲೆ ಆಡೋಣ.

ಈಗ ನೀನು ಮಾಡಬೇಕಾದ್ದು ಇಷ್ಟೇ. ಕಾಲೇಜು ಆಫೀಸಿನಲ್ಲಿ ವ್ಯಾಸಂಗ ಪ್ರಮಾಣಪತ್ರ ಕೇಳಿಡು. ಬಿಳಿ ಹಿನ್ನೆಲೆಯ ಫೋಟೋ ತೆಗೆಸು, ಎರಡೂ ಕಿವಿ ಕಾಣಬೇಕು, ಕೂದಲು ಹಿಂದಕ್ಕೆ ಬಾಚಿಕೋ. ಆ ನೀಲಿ ಚೂಡಿದಾರ್ ಹಾಕಿಕೋ, ಚೆನ್ನಾಗಿ ಕಾಣುತ್ತೆ.

ಇಂತಿ ನಿನ್ನ
ಅಮ್ಮ